ಒಂದೇ ಫೋಟೊ, ಎರಡು ಅಳತೆ: ರಾಗಿ ಬೇರಿನ ನಾಳ ನಿಜಕ್ಕೂ ಎಷ್ಟು ಅಗಲ?

ಪ್ರಶ್ನೆ: ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ರಾಗಿಯ ಎರಡು ತಳಿಗಳ ಬೇರನ್ನು ಬ್ಲೇಡಿನಲ್ಲಿ ಅಡ್ಡಲಾಗಿ ಕೊಯ್ದು, ಗೋಡೆಗಳನ್ನು ಕೆಂಪಾಗಿಸುವ ಸಫ್ರಾನಿನ್ ಬಣ್ಣ ಹಾಕಿ, ಕಾಲೇಜಿನ ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು 10ಎಕ್ಸ್ ಲೆನ್ಸಿನಲ್ಲಿ ಫೋಟೊ ತೆಗೆದಿದ್ದೇನೆ. ಇಮೇಜ್‌ಜೆ ತಂತ್ರಾಂಶದಲ್ಲಿ ನೀರು ಸಾಗಿಸುವ ಕ್ಸೈಲಂ ನಾಳಗಳ ವ್ಯಾಸ ಅಳೆದಾಗ ನನಗೆ ಸರಾಸರಿ 46 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 46 ಪಾಲು) ಬಂತು. ಅದೇ ಫೋಟೊಗಳನ್ನು ನನ್ನ ಗೆಳತಿ ಅಳೆದಾಗ 51 ಬಂತು. ಯಾರದು ಸರಿ? ಕಂಪ್ಯೂಟರಿನಲ್ಲಿ ಅಳೆದರೂ ಹೀಗಾಗುತ್ತದಾ? ಎಷ್ಟು ನಾಳ ಅಳೆದರೆ ಸಾಕು? ಎಐ ಬಳಸಿದರೆ ಈ ತಲೆನೋವು ತಪ್ಪುತ್ತದಾ?

ಉತ್ತರ: ಬಹುಶಃ ಇಬ್ಬರದೂ ಸರಿಯೇ. ನೀವು ನಾಳದ ಒಳಗಿನ ತೂತನ್ನು ಅಳೆದಿದ್ದೀರಿ. ನಿಮ್ಮ ಗೆಳತಿ ತೂತಿನ ಜೊತೆಗೆ ಗೋಡೆಯನ್ನೂ ಸೇರಿಸಿಕೊಂಡಿದ್ದಾರೆ. 5 ಮೈಕ್ರಾನ್ ವ್ಯತ್ಯಾಸ ಅಂದರೆ ಒಂದೊಂದು ಪಕ್ಕಕ್ಕೆ ಎರಡೂವರೆ ಮೈಕ್ರಾನ್. ಹುಲ್ಲು ಜಾತಿಯ ಬೇರಿನಲ್ಲಿ ಬಲಿತ ಮೆಟಾಕ್ಸೈಲಂ (ಕೊನೆಗೆ ಬಲಿಯುವ ದೊಡ್ಡ ಕ್ಸೈಲಂ) ನಾಳದ ಗೋಡೆ ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತದೆ. ಫೋಟೊ ನೋಡದೆ ಆಣೆ ಹಾಕಿ ಹೇಳಲಾರೆ. ಆದರೆ ಇಂಥ ಜಗಳದಲ್ಲಿ ಸಾಮಾನ್ಯವಾಗಿ ಕಳ್ಳ ಸಿಗುವುದು ಅಲ್ಲೇ. ಪರೀಕ್ಷಿಸಿ ನೋಡುವುದು ಸುಲಭ. ಇಬ್ಬರೂ ಒಂದೇ ನಾಳಕ್ಕೆ ಸುತ್ತು ಗೆರೆ ಎಳೆಯಿರಿ. ಎರಡೂ ಗೆರೆಗಳನ್ನು ಆರ್‌ಒಐ ಮ್ಯಾನೇಜರಿನಲ್ಲಿ (ತಂತ್ರಾಂಶದಲ್ಲಿ ಎಳೆದ ಗೆರೆಗಳನ್ನು ಕೂಡಿಡುವ ಪಟ್ಟಿ) ಉಳಿಸಿ, ಒಂದೇ ಫೋಟೊದ ಮೇಲೆ ಒಟ್ಟಿಗೆ ತೆರೆಯಿರಿ, ದೊಡ್ಡದು ಮಾಡಿ ನೋಡಿ. ನಿಮ್ಮ ಗೆರೆ ಕೆಂಪು ಉಂಗುರದ ಒಳಂಚಿನಲ್ಲಿ, ಅವರದು ಹೊರಂಚಿನಲ್ಲಿ ಇದ್ದರೆ ವಿಷಯ ಇತ್ಯರ್ಥ ಆಯಿತು.

ಹಾಗಾದರೆ ಪ್ರಾಜೆಕ್ಟಿಗೆ ಯಾವುದನ್ನು ಹಾಕಬೇಕು? ಏನು ಕೇಳಲು ಹೊರಟಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ. ನೀರು ಹರಿಯುವ ಲೆಕ್ಕ ಬೇಕಿದ್ದರೆ ತೂತೇ ಬೇಕು, ಗೋಡೆಯಲ್ಲಿ ನೀರು ಓಡುವುದಿಲ್ಲ. ಮರದ ಒಳರಚನೆ ಓದುವವರ ಅಂತರರಾಷ್ಟ್ರೀಯ ಸಂಘ ಐಎಡಬ್ಲ್ಯುಎ 1989ರಲ್ಲಿ ಗಟ್ಟಿಮರಗಳಿಗಾಗಿ ಹೊರಡಿಸಿದ ಪಟ್ಟಿಯಲ್ಲೂ ಇದೇ ನಿಯಮ ಇದೆ. ಗೋಡೆ ಬಿಟ್ಟು, ತೂತನ್ನು ಮಾತ್ರ, ಅದರ ಅಗಲವಾದ ಜಾಗದಲ್ಲಿ ಅಳೆಯಿರಿ ಅನ್ನುತ್ತದೆ ಅದು. ಆ ಪಟ್ಟಿ ಬರೆದದ್ದು ಮರಕ್ಕೆ, ರಾಗಿಗಲ್ಲ. ಆದರೂ ತೂತು ಅನ್ನುವ ಮಾತು ಎರಡಕ್ಕೂ ಹೊಂದುತ್ತದೆ. ಅಂದರೆ ನಿಮ್ಮ ಗೆರೆ ಒಳಂಚಿನಲ್ಲಿ ಇದ್ದರೆ ಈ ಪ್ರಾಜೆಕ್ಟಿಗೆ ನಿಮ್ಮ ಅಳತೆಯೇ ಸೂಕ್ತ.

ಬರೀ 5 ಮೈಕ್ರಾನಿಗೆ ಇಷ್ಟು ರಂಪ ಬೇಕಾ ಅಂತ ಅನ್ನಿಸಬಹುದು. ಬೇಕು. 1840ರ ಆಸುಪಾಸಿನಲ್ಲಿ ಜರ್ಮನಿಯ ಹೇಗನ್ ಮತ್ತು ಫ್ರಾನ್ಸಿನ ವೈದ್ಯ ಪೊಯ್ಸಾಯ್ ಸಣ್ಣ ಕೊಳವೆಗಳಲ್ಲಿ ನೀರಿನ ಹರಿವನ್ನು ಬೇರೆ ಬೇರೆಯಾಗಿ ಅಳೆದರು. ಹರಿವು ಕೊಳವೆಯ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಅಂತ ಇಬ್ಬರಿಗೂ ಗೊತ್ತಾಯಿತು. ವ್ಯಾಸ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಈಗ ನಿಮ್ಮ 46 ಮತ್ತು 51ನ್ನು ಹಾಕಿ ನೋಡಿ. 51ನ್ನು 46ರಿಂದ ಭಾಗಿಸಿದರೆ 1.11. ಅದರ ನಾಲ್ಕನೇ ಘಾತ 1.51. ಗೆಳತಿಯ ಲೆಕ್ಕದಲ್ಲಿ ಅದೇ ಬೇರು ನಿಮ್ಮದಕ್ಕಿಂತ ಶೇ. 51ರಷ್ಟು ಜಾಸ್ತಿ ನೀರು ಸಾಗಿಸುತ್ತದೆ! ಬೇರು ಬದಲಾಗಿಲ್ಲ, ಗೆರೆ ಎರಡೂವರೆ ಮೈಕ್ರಾನ್ ಆಚೆ ಸರಿದಿದೆ, ಅಷ್ಟೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. ಆಸ್ಟ್ರೇಲಿಯದಲ್ಲಿ ರಿಚರ್ಡ್ಸ್ ಮತ್ತು ಪಸಿಯೋರಾ ಅನ್ನುವ ಇಬ್ಬರು ಗೋಧಿಯ ಮೊದಲ ಬೇರುಗಳಲ್ಲಿ ಇರುವ ಮುಖ್ಯ ನಾಳವನ್ನು ಕಿರಿದು ಮಾಡುವಂತೆ ತಳಿ ಆಯ್ಕೆ ಮಾಡಿದರು. ಅವರ ಪ್ರಬಂಧ 1989ರಲ್ಲಿ ಬಂತು. ಅಲ್ಲಿ ಗೋಧಿ ಮಣ್ಣಿನಲ್ಲಿ ಕೂಡಿಟ್ಟ ತೇವದ ಮೇಲೆ ಬೆಳೆಯುತ್ತದೆ. ಮೊದಲೇ ನೀರನ್ನೆಲ್ಲ ಕುಡಿದು ಮುಗಿಸಿದರೆ ಕಾಳು ಕಟ್ಟುವಾಗ ಏನೂ ಉಳಿಯುವುದಿಲ್ಲ. ನಾಳ ಕಿರಿದಾದರೆ ಗಿಡ ನಿಧಾನಕ್ಕೆ ಕುಡಿಯುತ್ತದೆ, ಕೊನೆಗೆ ಒಂದಿಷ್ಟು ಉಳಿಯುತ್ತದೆ ಅನ್ನುವುದು ಅವರ ಆಲೋಚನೆ. ಸುಮಾರು 65 ಮೈಕ್ರಾನ್ ಇದ್ದ ನಾಳವನ್ನು 55ಕ್ಕಿಂತ ಕೆಳಗೆ ತಂದರು. ತೀರಾ ಒಣ ಜಾಗಗಳಲ್ಲಿ ಇಳುವರಿ ಶೇ. 3ರಿಂದ 11ರಷ್ಟು ಹೆಚ್ಚಾಯಿತು. 65ರಿಂದ 55ಕ್ಕೆ ಇಳಿದರೆ ಹರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅವರ ಇಡೀ ಕೆಲಸ ನಿಂತಿದ್ದು 10 ಮೈಕ್ರಾನ್ ಮೇಲೆ. ನಿಮ್ಮಿಬ್ಬರ ನಡುವಿನ ವ್ಯತ್ಯಾಸ ಅದರ ಅರ್ಧ! ಅಂದಹಾಗೆ, ಈ ಕಥೆಯನ್ನು ಹಾಗೇ ರಾಗಿಗೆ ಅಂಟಿಸಬೇಡಿ. ನಮ್ಮ ರಾಗಿ ಮಳೆ ಬರುತ್ತಿರುವಾಗಲೇ ಬೆಳೆಯುವ ಮುಂಗಾರಿ ಬೆಳೆ. ಕೂಡಿಟ್ಟ ತೇವದ ಮಾತು ವಿಜಯಪುರ, ಕಲಬುರಗಿ ಕಡೆ ಎರೆ ಹೊಲದ ಹಿಂಗಾರಿ ಜೋಳಕ್ಕೆ ಹೆಚ್ಚು ಹೊಂದುತ್ತದೆ.

ಈಗ ಅಂಚಿನ ವಿಷಯಕ್ಕೆ ಬರೋಣ. ನಿಜವಾದ ತೊಂದರೆ ಇರುವುದು ಅಲ್ಲೇ. ಕಣ್ಣಿಗೆ ಗೋಡೆಯ ಅಂಚು ಗೆರೆ ಕೊರೆದ ಹಾಗೆ ಕಾಣುತ್ತದೆ. ಫೋಟೊದಲ್ಲಿ ಹಾಗೆ ಇರುವುದಿಲ್ಲ. ಇಮೇಜ್‌ಜೆಯಲ್ಲಿ ಒಂದು ನಾಳದ ಮಧ್ಯದಿಂದ ಗೋಡೆ ದಾಟುವಂತೆ ನೇರ ಗೆರೆ ಎಳೆದು ಕೀಬೋರ್ಡಿನಲ್ಲಿ ‘ಕೆ’ ಒತ್ತಿ. ಗೆರೆಯುದ್ದಕ್ಕೂ ಬೆಳಕು ಎಷ್ಟಿದೆ ಅನ್ನುವ ಗ್ರಾಫ್ ಬರುತ್ತದೆ. ತೂತಿನಲ್ಲಿ ಬೆಳಕು ಉದಾಹರಣೆಗೆ 215 ಇದೆ ಅಂದುಕೊಳ್ಳಿ, ಗೋಡೆಯಲ್ಲಿ 75 (0 ಅಂದರೆ ಕಪ್ಪು, 255 ಅಂದರೆ ಬಿಳಿ). ನಡುವೆ ಗ್ರಾಫ್ ಬಂಡೆಯಿಂದ ಬಿದ್ದ ಹಾಗೆ ಧುಮುಕುವುದಿಲ್ಲ, ಮೂರು ನಾಲ್ಕು ಪಿಕ್ಸೆಲ್ ಅಗಲದ ಇಳಿಜಾರಿನಲ್ಲಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಅಂಚು ಎಲ್ಲಿ? 190ಕ್ಕೆ ಕಡಿದರೆ ತೂತು ಚಿಕ್ಕದು. 100ಕ್ಕೆ ಕಡಿದರೆ ದೊಡ್ಡದು. ಒಪ್ಪಬಹುದಾದ ಉತ್ತರ ಎರಡರ ಮಧ್ಯ, ಅಂದರೆ 215 ಮತ್ತು 75ರ ಸರಾಸರಿಯಾದ 145. ಲೆನ್ಸು ಅಂಚನ್ನು ಮಸುಕು ಮಾಡುವಾಗ ಎರಡೂ ಕಡೆಗೆ ಸುಮಾರು ಸಮನಾಗಿ ಹರಡುತ್ತದೆ. ಅದಕ್ಕೇ ಅರ್ಧದ ಬಿಂದು ನಿಜವಾದ ಅಂಚಿಗೆ ತೀರಾ ಹತ್ತಿರ ಇರುತ್ತದೆ. ಪಕ್ಕಕ್ಕೆ ಒಂದೆರಡು ಪಿಕ್ಸೆಲ್ ಸರಿದರೆ ನಿಮ್ಮ ಗಾತ್ರದ ನಾಳದಲ್ಲಿ ವ್ಯಾಸ ಶೇ. 2ರಿಂದ 4 ಬದಲಾಗುತ್ತದೆ. ಹರಿವಿನ ಲೆಕ್ಕದಲ್ಲಿ ಅದು ಶೇ. 8ರಿಂದ 17!

ಈ ಅರ್ಧದ ನಿಯಮವನ್ನು ಇಬ್ಬರೂ ಒಪ್ಪಿಕೊಂಡು ಅಳೆದರೆ ನಿಮ್ಮ ಜಗಳ ಬಹುಪಾಲು ಮುಗಿಯುತ್ತದೆ. ಕಂಪ್ಯೂಟರಿಗೆ ಅಂಚು ಎಲ್ಲಿದೆ ಅಂತ ಗೊತ್ತಿಲ್ಲ. ಅದು ಪಿಕ್ಸೆಲ್ ಎಣಿಸುತ್ತದೆ. ಅಂಚು ಎಲ್ಲಿ ಅಂತ ತೀರ್ಮಾನ ಮಾಡಬೇಕಾದವರು ನೀವು.

ಅಳೆಯುವ ಮೊದಲು ಫೋಟೊವನ್ನು ಬಣ್ಣದಿಂದ ಕಪ್ಪುಬಿಳುಪಿಗೆ ತಿರುಗಿಸುತ್ತೀರಿ ಅಲ್ವಾ? ಸುಮ್ನೆ 8-ಬಿಟ್ ಅಂತ ಒತ್ತಬೇಡಿ. ಇಮೇಜ್ ಮೆನುವಿನಲ್ಲಿ ಕಲರ್, ಅದರೊಳಗೆ ಸ್ಪ್ಲಿಟ್ ಚಾನೆಲ್ಸ್ ಇದೆ. ಅದು ಕೆಂಪು, ಹಸಿರು, ನೀಲಿ ಅಂತ ಮೂರು ಚಿತ್ರ ಕೊಡುತ್ತದೆ. ಸಫ್ರಾನಿನ್ ಹಸಿರು ಬೆಳಕನ್ನು ಹೀರುತ್ತದೆ. ಹಾಗಾಗಿ ಹಸಿರು ಚಾನೆಲಿನಲ್ಲಿ ಗೋಡೆ ಕಡುಕಪ್ಪಾಗಿ, ತೂತು ಬೆಳ್ಳಗೆ ಕಾಣುತ್ತದೆ. ಕೆಂಪು ಚಾನೆಲಿನಲ್ಲಿ ಅದೇ ಗೋಡೆ ಹೆಚ್ಚುಕಡಿಮೆ ಮಾಯ. ಬರೀ 8-ಬಿಟ್ ಒತ್ತಿದರೆ ಮೂರನ್ನೂ ಬೆರೆಸಿ ಕೊಡುತ್ತದೆ, ಗೋಡೆ ಪೇಲವ ಆಗುತ್ತದೆ. ಮುಂದೆ ಫಾಸ್ಟ್ ಗ್ರೀನ್ ಎಂಬ ಹಸಿರು ಬಣ್ಣವನ್ನೂ ಹಾಕಿ ಫ್ಲೋಯಂ (ಆಹಾರ ಸಾಗಿಸುವ ಅಂಗಾಂಶ) ನೋಡುವುದಾದರೆ ಅದಕ್ಕೆ ಕೆಂಪು ಚಾನೆಲ್ ನೋಡಿ.

ಮೊಬೈಲ್ ಕ್ಯಾಮೆರಾದ ಬಗ್ಗೆ ಒಂದು ಮಾತು. ಫೋನು ಕಂಡದ್ದನ್ನು ಹಾಗೇ ಕೊಡುವುದಿಲ್ಲ, ಚಂದ ಮಾಡಿ ಕೊಡುತ್ತದೆ. ಅಂಚು ಚುರುಕಾಗಿ ಕಾಣಲಿ ಅಂತ ಗೋಡೆಯ ಪಕ್ಕದಲ್ಲೇ ಒಂದು ಬೆಳ್ಳನೆ ಗೆರೆ, ಒಂದು ಕಪ್ಪು ಗೆರೆ ಸೇರಿಸುತ್ತದೆ. ಮದುವೆ ಫೋಟೊಗೆ ಇದು ಒಳ್ಳೆಯದು, ಅಳತೆಗೆ ಅಲ್ಲ. ಮೇಲೆ ಹೇಳಿದ ಗ್ರಾಫಿನಲ್ಲಿ ಗೋಡೆಯ ಎರಡೂ ಪಕ್ಕ ಕೊಂಬಿನ ಹಾಗೆ ಬೆಳಕು ಏರಿದ್ದರೆ ಅದು ಫೋನಿನ ಕೈವಾಡ. ಪ್ರೊ ಮೋಡ್ ಇದ್ದರೆ ಅದರಲ್ಲಿ ತೆಗೆಯಿರಿ, ಎಚ್‌ಡಿಆರ್ ಆಫ್ ಮಾಡಿ, ಎಕ್ಸ್‌ಪೋಷರ್ ಬೀಗ ಹಾಕಿ. ರಾ ಫೈಲ್ (ಫೋನು ತಿದ್ದದ ಮೂಲ ಚಿತ್ರ) ಉಳಿಸುವ ಅವಕಾಶ ಇದ್ದರೆ ಇನ್ನೂ ಒಳ್ಳೆಯದು. ಬೆರಳಲ್ಲಿ ಜೂಮ್ ಮಾಡಲೇಬೇಡಿ. ಜೂಮ್ ಸ್ವಲ್ಪ ಬದಲಾದರೂ ಸ್ಕೇಲ್ ಬದಲಾಯಿತು.

ಸ್ಕೇಲ್ ಹಾಕುವುದಕ್ಕೆ ಏನು ಬಳಸಿದಿರಿ ಅಂತ ನೀವು ಬರೆದಿಲ್ಲ. ಸ್ಟೇಜ್ ಮೈಕ್ರೋಮೀಟರ್ ಬೇಕು. ಗಾಜಿನ ಸ್ಲೈಡಿನ ಮೇಲೆ 1 ಮಿಲಿಮೀಟರನ್ನು 100 ಭಾಗ ಮಾಡಿ ಗೆರೆ ಕೊರೆದಿರುತ್ತಾರೆ, ಒಂದು ಭಾಗ 10 ಮೈಕ್ರಾನ್. ಅನೇಕ ಇಲಾಖೆಗಳಲ್ಲಿ ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಭದ್ರವಾಗಿರುತ್ತದೆ. ಸಿಗದಿದ್ದರೆ ಪ್ರಾಣಿಶಾಸ್ತ್ರ ವಿಭಾಗದಲ್ಲಿ ರಕ್ತಕಣ ಎಣಿಸುವ ನ್ಯೂಬಾವರ್ ಚೇಂಬರ್ ಕೇಳಿ. ಅದರ ನಡುವಿನ ಅತಿ ಸಣ್ಣ ಚೌಕದ ಬದಿ 50 ಮೈಕ್ರಾನ್, ದೊಡ್ಡ ಚೌಕದ್ದು 1 ಮಿಲಿಮೀಟರ್. 10ಎಕ್ಸ್ ಲೆನ್ಸಿಗೆ ಅದು ಧಾರಾಳ ಸಾಕು. ಬೇರಿನ ಫೋಟೊ ತೆಗೆದ ಅದೇ ಫೋನು, ಅದೇ ಹೋಲ್ಡರ್, ಅದೇ ಲೆನ್ಸಿನಲ್ಲಿ ಮೈಕ್ರೋಮೀಟರಿನ ಫೋಟೊ ತೆಗೆಯಿರಿ. ಪ್ರತಿ ಸಲ ಫೋನು ಕಳಚಿ ಹಾಕಿದಾಗ ಮತ್ತೆ ಒಂದು ತೆಗೆಯಿರಿ. ಹತ್ತು ಮೈಕ್ರಾನಿನ ಒಂದು ಭಾಗಕ್ಕೆ ಗೆರೆ ಎಳೆಯುವ ಬದಲು ಇಡೀ 1 ಮಿಲಿಮೀಟರಿಗೆ ಎಳೆಯಿರಿ, ತಪ್ಪು ಕಡಿಮೆ. ಆಮೇಲೆ ಅನಲೈಜ್ ಮೆನುವಿನ ಸೆಟ್ ಸ್ಕೇಲ್. 1 ಮಿಲಿಮೀಟರ್ 2100 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ ಸುಮಾರು 0.48 ಮೈಕ್ರಾನ್.

ಇಲ್ಲಿ ಕೆಲವು ಕಡೆ ಎಡವುವ ಅಪಾಯ ಇದೆ. ಸೆಟ್ ಸ್ಕೇಲಿನಲ್ಲಿ ‘ಗ್ಲೋಬಲ್’ ಅನ್ನುವ ಚೌಕಕ್ಕೆ ಗುರುತು ಹಾಕಿದರೆ ಆ ಸ್ಕೇಲ್ ತೆರೆದ ಎಲ್ಲ ಫೋಟೊಗಳಿಗೂ ಅಂಟಿಕೊಳ್ಳುತ್ತದೆ. ಆಮೇಲೆ 40ಎಕ್ಸ್ ಫೋಟೊ ತೆರೆದರೂ ಅದೇ ಸ್ಕೇಲಿನಲ್ಲಿ ಅಳೆಯುತ್ತದೆ, ಬಾಯಿ ಬಿಡುವುದಿಲ್ಲ. ಇನ್ನೊಂದು, ಕೆಲವು ಜೆಪೆಗ್ ಫೈಲುಗಳನ್ನು ತೆರೆದ ತಕ್ಷಣ ಇಮೇಜ್‌ಜೆ ಅಳತೆಯನ್ನು ಇಂಚಿನಲ್ಲಿ ತೋರಿಸುತ್ತದೆ. ಫೈಲಿನೊಳಗೆ ಪ್ರಿಂಟಿಗಾಗಿ ಬರೆದಿಟ್ಟ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಅನ್ನುವ ಸಂಖ್ಯೆಯನ್ನು ಅದು ನಂಬಿಬಿಡುತ್ತದೆ. ಮೂರನೆಯದು ವಾಟ್ಸಾಪ್. ಗೆಳತಿಗೆ ಫೋಟೊ ಹೇಗೆ ಕಳಿಸಿದಿರಿ? ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಪಿಕ್ಸೆಲ್ ಸಂಖ್ಯೆಯನ್ನೇ ಕಡಿಮೆ ಮಾಡುತ್ತದೆ. ನಿಮ್ಮ ಸ್ಕೇಲ್ ಅವರ ಫೋಟೊಗೆ ನಡೆಯುವುದಿಲ್ಲ. ನಿಮ್ಮ ವಿಷಯದಲ್ಲಿ ಹಾಗಾಗಿದ್ದರೆ ವ್ಯತ್ಯಾಸ ಇನ್ನೂ ಭಾರೀ ಇರುತ್ತಿತ್ತು, ಅದೂ ಕಡಿಮೆಯ ಕಡೆಗೆ. ಆದ್ದರಿಂದ ಅದು ಕಾರಣ ಇರಲಾರದು. ಆದರೂ ಮುಂದಿನ ಸಲ ಡಾಕ್ಯುಮೆಂಟ್ ಆಗಿ ಕಳಿಸಿ.

ಫೋಟೊದ ಮೂಲೆಯಲ್ಲಿರುವ ನಾಳಗಳನ್ನು ಅಳೆಯುವಾಗಲೂ ಜೋಪಾನ. ಐಪೀಸಿಗೆ ಫೋನು ಹಿಡಿದು ತೆಗೆದ ಚಿತ್ರದಲ್ಲಿ ಅಂಚು ಬಾಗಿರುತ್ತದೆ. ಮೈಕ್ರೋಮೀಟರನ್ನು ನಡುವೆ ಒಮ್ಮೆ, ಮೂಲೆಯಲ್ಲಿ ಒಮ್ಮೆ ಇಟ್ಟು ನೋಡಿದರೆ ಎಷ್ಟು ಬಾಗಿದೆ ಅಂತ ತಿಳಿಯುತ್ತದೆ. ಸುಲಭದ ದಾರಿ ಅಂದರೆ ಬೇರಿನ ನಡುಕಂಬವನ್ನು (ನಾಳಗಳಿರುವ ಒಳಭಾಗ) ಫೋಟೊದ ಮಧ್ಯಕ್ಕೆ ತಂದು ತೆಗೆಯುವುದು.

ಫೋನಿನಲ್ಲಿ ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಅಳತೆ ಜಾಸ್ತಿ ನಿಖರ ಅಂತ ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಎಷ್ಟು ಸಣ್ಣದನ್ನು ಬಿಡಿಸಿ ತೋರಿಸಬಲ್ಲದು ಅನ್ನುವುದನ್ನು ಲೆನ್ಸು ತೀರ್ಮಾನಿಸುತ್ತದೆ. ನಿಮ್ಮ ಲೆನ್ಸಿನ ಮೇಲೆ 10 ಅಂತ ಬರೆದ ಪಕ್ಕದಲ್ಲಿ 0.25 ಅಂತ ಇರುತ್ತದೆ, ಲೆನ್ಸು ಎಷ್ಟು ಅಗಲಕ್ಕೆ ಬೆಳಕು ಹಿಡಿಯುತ್ತದೆ ಅನ್ನುವ ಸಂಖ್ಯೆ ಅದು. ಹಸಿರು ಬೆಳಕಿನಲ್ಲಿ ಆ ಲೆನ್ಸು ಬಿಡಿಸಿ ತೋರಿಸುವ ಅತಿ ಸಣ್ಣ ಅಂತರ ಸುಮಾರು 1.3 ಮೈಕ್ರಾನ್. 0.65 ಇರುವ 40ಎಕ್ಸ್ ಲೆನ್ಸಿಗೆ ಸುಮಾರು ಅರ್ಧ ಮೈಕ್ರಾನ್. ಮೇಲಿನ ಉದಾಹರಣೆಯ ಸ್ಕೇಲಿನಲ್ಲಿ ಈಗಾಗಲೇ ಮೈಕ್ರಾನಿಗೆ ಎರಡು ಪಿಕ್ಸೆಲ್ ಇವೆ. ಅದನ್ನು ಎಂಟು ಮಾಡಿದರೂ ಮಸುಕನ್ನೇ ದೊಡ್ಡದಾಗಿ ನೋಡುತ್ತೀರಿ.

ಇದರಿಂದ ಎರಡು ಮಾತು ಹೊರಡುತ್ತವೆ. 46 ಮೈಕ್ರಾನ್ ತೂತಿಗೆ 10ಎಕ್ಸ್ ಸಾಕು. ಆದರೆ ಎರಡೂವರೆ ಮೈಕ್ರಾನ್ ಗೋಡೆಯ ದಪ್ಪವನ್ನು ಅದರಲ್ಲಿ ಅಳೆಯಲು ಹೋಗಬೇಡಿ. ಅದಕ್ಕೆ 40ಎಕ್ಸ್ ಬೇಕು. ಸಾಧ್ಯವಿದ್ದರೆ ಅಳೆಯಿರಿ ಅಂತಲೇ ಹೇಳುತ್ತೇನೆ, ಏಕೆಂದರೆ ಗೋಡೆಗೂ ಅದರದೇ ಕಥೆ ಇದೆ. ಬರ ಬಂದಾಗ ನಾಳದೊಳಗೆ ನೀರು ಬಿಗಿಯಾಗಿ ಎಳೆಯಲ್ಪಡುತ್ತದೆ, ಗೋಡೆ ಒಳಕ್ಕೆ ಕುಸಿಯಬಾರದು. ಅಕ್ಕಪಕ್ಕದ ಎರಡು ನಾಳಗಳ ನಡುವಿನ ಜೋಡಿ ಗೋಡೆಯ ದಪ್ಪವನ್ನು ತೂತಿನ ಅಗಲದಿಂದ ಭಾಗಿಸಿ, ವರ್ಗ ಮಾಡಿ, ಆ ಸಂಖ್ಯೆಯನ್ನು ಕುಸಿತ ತಡೆಯುವ ಶಕ್ತಿಯ ಸೂಚಿಯಾಗಿ ಬಳಸುತ್ತಾರೆ. ಹ್ಯಾಕಿ ಮತ್ತು ಸಂಗಡಿಗರು 2001ರಲ್ಲಿ ಮರಗಳ ವಿಷಯದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಎರಡನೆಯ ಮಾತು ಸಣ್ಣ ಕೋಶಗಳದು. ಪ್ರತಿ ಪಕ್ಕಕ್ಕೆ ಒಂದು ಪಿಕ್ಸೆಲ್ ತಪ್ಪಿದರೆ, ಅದೇ ಸ್ಕೇಲಿನಲ್ಲಿ 97 ಪಿಕ್ಸೆಲ್ ಅಗಲದ ನಿಮ್ಮ ನಾಳಕ್ಕೆ ಶೇ. 2 ತಪ್ಪು. 20 ಪಿಕ್ಸೆಲ್ ಅಗಲದ ಕೋಶಕ್ಕೆ ಶೇ. 10. ದೊಡ್ಡದನ್ನೂ ಸಣ್ಣದನ್ನೂ ಒಂದೇ ಫೋಟೊದಿಂದ ಅಳೆದು ಹೋಲಿಸಿದರೆ ಸಣ್ಣದರ ಮೇಲೆ ಜಾಸ್ತಿ ಅನ್ಯಾಯ ಆಗುತ್ತದೆ.

ಇಷ್ಟೆಲ್ಲ ಕಂಪ್ಯೂಟರಿನ ಮಾತಾಯಿತು. ಬ್ಲೇಡು ಹಿಡಿದ ಕೈಯ ಮಾತು ಬಾಕಿ ಇದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದುದ್ದ ಬರುತ್ತದೆ ಅಲ್ವಾ, ಬೇರೂ ಹಾಗೇ. 20 ಡಿಗ್ರಿ ಓರೆಯಾದರೆ ದುಂಡಗಿನ ನಾಳದ ಉದ್ದ ವ್ಯಾಸ ಶೇ. 6ರಷ್ಟು ಹಿಗ್ಗಿ ಕಾಣುತ್ತದೆ, 30 ಡಿಗ್ರಿಗೆ ಶೇ. 15. ಗಿಡ್ಡ ವ್ಯಾಸ ಮಾತ್ರ ಇದ್ದ ಹಾಗೇ ಇರುತ್ತದೆ. ಹಾಗಾಗಿ ಸೆಟ್ ಮೆಷರ್‌ಮೆಂಟ್ಸ್‌ನಲ್ಲಿ ‘ಫಿಟ್ ಎಲಿಪ್ಸ್’ ಆರಿಸಿ, ಉದ್ದ ಗಿಡ್ಡ ಎರಡನ್ನೂ ಬರೆದುಕೊಳ್ಳಿ. ಒಂದೇ ಬೇರಿನ ಎಲ್ಲ ನಾಳಗಳೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಕೊಯ್ತ ಓರೆ. ಆ ಸ್ಲೈಡನ್ನು ಬಿಟ್ಟುಬಿಡಿ, ಇಲ್ಲವೇ ಗಿಡ್ಡ ವ್ಯಾಸವನ್ನೇ ತೆಗೆದುಕೊಳ್ಳಿ. ದಿಕ್ಕು ಒಂದೊಂದರದು ಒಂದೊಂದಾಗಿದ್ದರೆ ನಾಳಗಳೇ ಅಂಡಾಕಾರ, ನಿಮ್ಮ ಕೈಯ ತಪ್ಪಲ್ಲ. ಇನ್ನು ತಾಜಾ ಕೊಯ್ತವನ್ನು ನೀರಿನಲ್ಲಿ ನೋಡಿದರೆ ಒಂದು ಅಳತೆ, ಆಲ್ಕೊಹಾಲಿನಲ್ಲಿ ಹಾಯಿಸಿ ಕೂರಿಸಿದರೆ ಸ್ವಲ್ಪ ಕುಗ್ಗಿದ ಅಳತೆ. ಯಾವುದಾದರೂ ಸರಿ, ಎರಡು ತಳಿಗೂ ಒಂದೇ ಉಪಚಾರ ಇರಲಿ.

ಬೇರಿನ ಯಾವ ಜಾಗದಿಂದ ಕೊಯ್ದಿರಿ? ಇದು ಅಂಚಿನಷ್ಟೇ ದೊಡ್ಡ ವಿಷಯ. ಬೀಜದಿಂದ ಬಂದ ಮೊದಲ ಬೇರಿಗೂ ಗೆಣ್ಣಿನಿಂದ ಬಂದ ಬೇರಿಗೂ ನಾಳದ ಗಾತ್ರದಲ್ಲಿ ಅಜಗಜಾಂತರ. ಒಂದೇ ಬೇರಿನಲ್ಲೂ ಬುಡದಿಂದ ತುದಿಗೆ ಹೋದಂತೆ ಬದಲಾಗುತ್ತದೆ. ತುದಿಯ ಹತ್ತಿರ ದೊಡ್ಡ ನಾಳ ಕಂಡರೂ ಅದು ಇನ್ನೂ ಜೀವಂತ ಕೋಶ ಆಗಿರಬಹುದು, ಒಳಗೆ ನೀರಿನ ದಾರಿ ತೆರೆದಿರುವುದಿಲ್ಲ. ಮೆಕ್ಕೆಜೋಳದಲ್ಲಿ ತುದಿಯಿಂದ 20 ಸೆಂಟಿಮೀಟರ್ ಆಚೆಗೂ ಹೀಗೆ ಇರುವುದುಂಟು. ಅದಕ್ಕೇ ‘ಎರಡನೇ ಗೆಣ್ಣಿನ ಬೇರು, ಬುಡದಿಂದ 5 ಸೆಂ.ಮೀ.’ ಅಂತ ಒಂದು ಜಾಗ ಗೊತ್ತು ಮಾಡಿಕೊಂಡು ಎಲ್ಲ ಗಿಡಗಳಲ್ಲೂ ಅಲ್ಲೇ ಕೊಯ್ಯಬೇಕು.

ಅಡ್ಡಕೊಯ್ತ ತೋರಿಸುವುದು ತೂತನ್ನು ಮಾತ್ರ, ಆ ತೂತು ನಾಳವೋ ಟ್ರಕೀಡೋ (ನೀರು ಸಾಗಿಸುವ, ಆದರೆ ತುದಿ ಮುಚ್ಚಿದ ಕೋಶ) ಅಂತ ಅದು ಹೇಳುವುದಿಲ್ಲ. ಕೋಶಗಳ ತುದಿಯ ಗೋಡೆ ನಿಜಕ್ಕೂ ತೆರೆದಿದೆಯಾ ಅಂತ ನೋಡಲು ಉದ್ದಕೊಯ್ತ ಬೇಕು, ಇಲ್ಲವೇ ಅಂಗಾಂಶವನ್ನು ಬಿಡಿ ಬಿಡಿ ಮಾಡಿ ನೋಡಬೇಕು. ಇದರಲ್ಲಿ ಪಳಗಿದವರಿಗೂ ಕೆಲಸ ಕಷ್ಟ. ನಮ್ಮ ಬಿ.ಜಿ.ಎಲ್. ಸ್ವಾಮಿ ಅವರು ಹಾರ್ವರ್ಡಿನ ಇರ್ವಿಂಗ್ ಬೈಲಿ ಜೊತೆ ಸೇರಿ 1950ರಲ್ಲಿ ಸಾರ್ಕ್ಯಾಂಡ್ರ ಎಂಬ ಗಿಡದ ಕುಲದಲ್ಲಿ ನಾಳಗಳೇ ಇಲ್ಲ ಎಂದು ಬರೆದರು. ಹೂಬಿಡುವ ಗಿಡಗಳ ಹುಟ್ಟಿನ ಚರ್ಚೆಯಲ್ಲಿ ಅದು ದೊಡ್ಡ ಸುದ್ದಿ. 1987ರಲ್ಲಿ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅದೇ ಕುಲದ ಬೇರಿನಲ್ಲಿ ನಾಳ ಇದೆ ಎಂದು ತೋರಿಸಿದರು. ನಿಮಗೆ ಈ ಚಿಂತೆ ಬೇಡ. ಹುಲ್ಲು ಜಾತಿಯ ಬೇರಿನಲ್ಲಿ ಇರುವುದು ನಿಜವಾದ ನಾಳಗಳೇ.

ಎಷ್ಟು ಅಳೆದರೆ ಸಾಕು ಅಂತ ಕೇಳಿದ್ದೀರಿ. ನಾಳಗಳ ಲೆಕ್ಕ ಕೇಳುವ ಬದಲು ಗಿಡಗಳ ಲೆಕ್ಕ ಕೇಳಿ. ರಾಗಿ ಬೇರಿನ ಒಂದು ಕೊಯ್ತದಲ್ಲಿ ದೊಡ್ಡ ನಾಳ ಇರುವುದು ಬೆರಳೆಣಿಕೆಯಷ್ಟು. ಅಷ್ಟನ್ನೂ ಅಳೆದುಬಿಡಿ, ಆರಿಸಲು ಹೋಗಬೇಡಿ. ಆರಿಸಿದರೆ ಚೆನ್ನಾಗಿ ದುಂಡಗೆ ಕಾಣುವ ದೊಡ್ಡವೇ ಕೈಗೆ ಬರುತ್ತವೆ. ಆದರೆ ಒಂದು ತಳಿಯ ಒಂದೇ ಗಿಡದಿಂದ 200 ನಾಳ ಅಳೆದು 200 ಮಾದರಿ ಅಂತ ಟಿ-ಟೆಸ್ಟಿಗೆ (ಎರಡು ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಹಾಕಿದರೆ ಅದು ಮೋಸ, ತಿಳಿಯದೆ ಮಾಡಿದರೂ ಮೋಸವೇ. ನಿಮ್ಮ ಹತ್ತಿರ ಇರುವುದು ಒಂದು ಗಿಡ, ಒಂದು ಮಾದರಿ. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪಿನ ಬಗ್ಗೆ ಬರೆದದ್ದನ್ನು ಜೀವಶಾಸ್ತ್ರದವರು ಇಂದಿಗೂ ಒಬ್ಬರಿಗೊಬ್ಬರು ಓದಿಸುತ್ತಾರೆ, ತಪ್ಪು ಮಾತ್ರ ನಿಂತಿಲ್ಲ. ಪ್ರತಿ ತಳಿಯಿಂದ ಎಂಟೋ ಹತ್ತೋ ಗಿಡ, ಗಿಡಕ್ಕೆ ಒಂದೆರಡು ಬೇರು, ಬೇರಿಗೆ ಎರಡು ಮೂರು ಕೊಯ್ತ. ಕೊನೆಗೆ ಪ್ರತಿ ಗಿಡಕ್ಕೆ ಒಂದು ಸಂಖ್ಯೆ ಮಾಡಿ, ಅದನ್ನೇ ಹೋಲಿಸಿ.

ಆ ಒಂದು ಸಂಖ್ಯೆ ಬರೀ ಸರಾಸರಿ ಆಗಬೇಕಿಲ್ಲ. ನಾಲ್ಕು ನಾಳಗಳಿವೆ ಅಂದುಕೊಳ್ಳಿ, 20, 20, 20 ಮತ್ತು 40 ಮೈಕ್ರಾನ್. ಸರಾಸರಿ 25. ಆದರೆ ನಾಲ್ಕನೇ ಘಾತದ ಲೆಕ್ಕದಲ್ಲಿ ಒಟ್ಟು ನೀರಿನ ಶೇ. 84ರಷ್ಟು ಆ 40ರ ಒಂದೇ ನಾಳದಲ್ಲಿ ಹೋಗುತ್ತದೆ. 25 ಅನ್ನುವ ಸಂಖ್ಯೆ ಯಾವ ನಾಳದ ಕಥೆಯನ್ನೂ ಹೇಳುವುದಿಲ್ಲ. ಎಲ್ಲ ವ್ಯಾಸಗಳ ಐದನೇ ಘಾತ ಕೂಡಿಸಿ, ನಾಲ್ಕನೇ ಘಾತಗಳ ಮೊತ್ತದಿಂದ ಭಾಗಿಸಿದರೆ ಹರಿವಿಗೆ ತೂಕ ಕೊಟ್ಟ ವ್ಯಾಸ ಸಿಗುತ್ತದೆ. ಇಲ್ಲಿ ಅದು ಸುಮಾರು 37. ಎಕ್ಸೆಲ್ಲಿನಲ್ಲಿ ಎರಡು ಕಾಲಂ ಕೆಲಸ. ಎರಡೂ ಸಂಖ್ಯೆ ಕೊಡಿ.

ಥ್ರೆಶೋಲ್ಡ್ (ಇಷ್ಟಕ್ಕಿಂತ ಬೆಳ್ಳಗಿದ್ದರೆ ತೂತು ಅನ್ನುವ ಗಡಿ) ಹಾಕಿ, ಅನಲೈಜ್ ಪಾರ್ಟಿಕಲ್ಸ್ ಒತ್ತಿ ಎಲ್ಲವನ್ನೂ ಒಂದೇ ಏಟಿಗೆ ಅಳೆಯಬಹುದು ಅಲ್ವಾ ಅಂದರೆ, ಅಳೆಯಬಹುದು. ಜಪಾನಿನ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಇಮೇಜ್‌ಜೆಯಲ್ಲೇ ಇದೆ. ಅದು ಬೆಳಕು ಕತ್ತಲುಗಳನ್ನು ಎರಡು ಗುಂಪು ಮಾಡಿ ನಡುವೆ ಕಡಿಯುತ್ತದೆ. ಆದರೆ ಚೌಕಟ್ಟಿನೊಳಗೆ ಏನೇನಿದೆ ಅನ್ನುವುದರ ಮೇಲೆ ಆ ಕಡಿತ ಸರಿದಾಡುತ್ತದೆ. ಬೇರಿನ ಹೊರಗಿನ ಖಾಲಿ ಬಿಳಿ ಜಾಗ ಜಾಸ್ತಿ ಇದ್ದರೆ ಒಂದು, ನಡುಕಂಬ ಮಾತ್ರ ಕತ್ತರಿಸಿಕೊಂಡರೆ ಇನ್ನೊಂದು. ಮೈಕ್ರೋಸ್ಕೋಪಿನ ದೀಪ ಒಂದು ಮೂಲೆಗೆ ಜಾಸ್ತಿ ಬಿದ್ದಿದ್ದರೆ ಆ ಮೂಲೆಯ ತೂತುಗಳು ಸುಮ್ನೆ ದೊಡ್ಡದಾಗುತ್ತವೆ. ಸ್ಲೈಡಿನ ಖಾಲಿ ಜಾಗದ ಒಂದು ಫೋಟೊ ತೆಗೆದು, ಬೇರಿನ ಫೋಟೊವನ್ನು ಅದರಿಂದ ಭಾಗಿಸಿದರೆ ಬೆಳಕು ಸಮ ಆಗುತ್ತದೆ. ನಿಮ್ಮ ಕೆಲಸಕ್ಕೆ ನನ್ನ ಸಲಹೆ: ಎಲಿಪ್ಸ್ ಸಾಧನ ಹಿಡಿದು ಕೈಯಲ್ಲೇ ಗುರುತಿಸಿ, ಅರ್ಧದ ನಿಯಮ ಪಾಲಿಸಿ. ಫೋಟೊಗೆ ಐದಾರು ನಾಳ ಅಷ್ಟೇ ತಾನೇ.

ಅಳೆಯುವ ಮೊದಲು ಫೈಲುಗಳ ಹೆಸರು ಬದಲಿಸಿ, ಯಾವ ಫೋಟೊ ಯಾವ ತಳಿ ಅಂತ ಅಳೆಯುವವರಿಗೆ ಗೊತ್ತಾಗದ ಹಾಗೆ ಮಾಡಿ. ಬರ ತಡೆಯುವ ತಳಿಯ ನಾಳ ಚಿಕ್ಕದಿರಬೇಕು ಅಂತ ಮನಸ್ಸಿನಲ್ಲಿ ಇದ್ದರೆ ಗೆರೆ ತಾನಾಗೇ ಒಳಗೆ ಸರಿಯುತ್ತದೆ. ಒಂದಿಷ್ಟು ಫೋಟೊಗಳನ್ನು ಗೆಳತಿಯೂ ಅಳೆಯಲಿ, ಒಂದು ವಾರ ಬಿಟ್ಟು ನೀವೂ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು ವರದಿಯಲ್ಲಿ ಹಾಕಿ. ಲೆನ್ಸಿನ ಸಂಖ್ಯೆ, ಬಣ್ಣ, ಚಾನೆಲ್, ಪಿಕ್ಸೆಲ್ಲಿಗೆ ಎಷ್ಟು ಮೈಕ್ರಾನ್, ಅಂಚಿನ ನಿಯಮ, ಬೇರಿನ ಜಾಗ, ಇವಿಷ್ಟು ವಿಧಾನದ ಭಾಗದಲ್ಲಿ ಇರಲಿ. ಆರ್‌ಒಐ ಫೈಲುಗಳನ್ನು ಎಸೆಯಬೇಡಿ. ವೈವಾದಲ್ಲಿ ಯಾರಾದರೂ ಕೇಳಿದರೆ ಫೋಟೊದ ಮೇಲೆ ಗೆರೆ ಸಮೇತ ತೋರಿಸಬಹುದು.

ಕೊನೆಗೆ ಎಐ. ಫೋಟೊದಲ್ಲಿ ಕೋಶಗಳನ್ನು ಗುರುತಿಸುವ, 2021ರಲ್ಲಿ ಬಂದ ಸೆಲ್‌ಪೋಸ್ ಚೆನ್ನಾಗಿದೆ, ಉಚಿತವೂ ಹೌದು. ಅದನ್ನು ನಾವೇ ನಮ್ಮ ಫೋಟೊಗಳಿಂದ ಇನ್ನಷ್ಟು ಪಳಗಿಸಬಹುದು. ಬೇರಿನ ಅಡ್ಡಕೊಯ್ತಕ್ಕೆಂದೇ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಮಾಡಿದ ರೂಟ್‌ಸ್ಕ್ಯಾನ್, ಮರದ ನಾಳಗಳಿಗೆ ಸ್ವಿಟ್ಜರ್ಲೆಂಡಿನ ರೋಕ್ಸಾಸ್ ಕೂಡ ಇವೆ. ಆದರೆ ಅಂಚಿನ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ. ಎಐಗೆ ಕಲಿಸುವ ಫೋಟೊಗಳಲ್ಲಿ ಯಾರೋ ಒಬ್ಬರು ಕೈಯಿಂದ ಗೆರೆ ಎಳೆದಿರುತ್ತಾರೆ. ಅವರು ನಿಮ್ಮ ಹಾಗೆ ಒಳಂಚಿಗೆ ಎಳೆದಿದ್ದರೆ ಅದು 46 ಅನ್ನುತ್ತದೆ, ಗೆಳತಿಯ ಹಾಗೆ ಎಳೆದಿದ್ದರೆ 51 ಅನ್ನುತ್ತದೆ. ನಾಳಗಳಿಗೆ ಅದನ್ನು ಕಟ್ಟಿಕೊಂಡು ಒದ್ದಾಡಬೇಡಿ, ಪಳಗಿಸುವಷ್ಟರಲ್ಲಿ ಕೈಯಲ್ಲಿ ಅಳೆದು ಮುಗಿದಿರುತ್ತದೆ. ಬೇರಿನ ಹೊರಭಾಗದ ಕಾರ್ಟೆಕ್ಸ್ ಕೋಶಗಳನ್ನೂ ಎಣಿಸಬೇಕು ಅಂತ ನಿಮ್ಮ ಗೈಡ್ ಹೇಳಿದರೆ ಆಗ ನೋಡಿ. ಒಂದು ಕೊಯ್ತದಲ್ಲೇ ನೂರಾರು ಕೋಶ ಇರುತ್ತವೆ, ಅದು ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತು ಫೋಟೊಗಳಿಗೆ ನೀವೇ ಗೆರೆ ಎಳೆದು ಸೆಲ್‌ಪೋಸಿಗೆ ಕಲಿಸಿ. ಅದು ಕಂಡಿರದ ಇನ್ನೈದು ಫೋಟೊಗಳಲ್ಲಿ ನಿಮ್ಮ ಕೈ ಅಳತೆಯ ಜೊತೆ ಹೋಲಿಸಿ ನೋಡಿ, ಸರಿ ಅನ್ನಿಸಿದರೆ ಮಾತ್ರ ಉಳಿದದ್ದನ್ನು ಅದಕ್ಕೆ ಬಿಡಿ.